ಮಂಕಾಗಿ ಕಾಣುವ ನಕ್ಷತ್ರವೆಲ್ಲ ದೂರದ್ದೇ? 61 ಸಿಗ್ನೈ ಬಗ್ಗೆ ಒಂದು ಸಂದೇಹ

ಪ್ರಶ್ನೆ: ಕುಂತಿಬೆಟ್ಟದ ಮೇಷ್ಟ್ರು, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಹೆಚ್ಚು ಹೊಳೆಯುವ ನಕ್ಷತ್ರ ಹತ್ತಿರದ್ದು, ಮಂಕಾಗಿ ಕಾಣುವುದು ದೂರದ್ದು ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವನು ನಾನೇ. ಮೊನ್ನೆ ದಸರಾ ರಜೆಯಲ್ಲಿ ಊರಿನ ಕರೆಂಟು ಹೋಗಿದ್ದ ಒಂದು ರಾತ್ರಿ, ಎಂಟು ಗಂಟೆಯ ಹೊತ್ತಿಗೆ, ನಾಲ್ಕೈದು ಮಕ್ಕಳನ್ನು ತಾರಸಿಯ ಮೇಲೆ ಕೂರಿಸಿಕೊಂಡು ರಾಜಹಂಸ ನಕ್ಷತ್ರಪುಂಜವನ್ನು ತೋರಿಸುತ್ತಿದ್ದೆ. ಕೈಯಲ್ಲಿದ್ದ ನಕ್ಷತ್ರ ನಕ್ಷೆಯಲ್ಲಿ ಡೆನೆಬ್ ನಕ್ಷತ್ರದ ಆಗ್ನೇಯಕ್ಕೆ 61 ಸಿಗ್ನೈ ಎಂದು ಒಂದು ಸಣ್ಣ ಚುಕ್ಕೆಯಿತ್ತು; ಅದರ ಪಕ್ಕದಲ್ಲಿ 11.4 ಜ್ಯೋತಿರ್ವರ್ಷ ಎಂದು ಬರೆದಿತ್ತು. ಡೆನೆಬ್ ಪಕ್ಕದಲ್ಲಿ ಸಾವಿರಕ್ಕೂ ಮೀರಿದ ಸಂಖ್ಯೆಯಿತ್ತು. ಟಾರ್ಚು ಹಿಡಿದುಕೊಂಡಿದ್ದ ಹುಡುಗಿಯೇ ಅದನ್ನು ಮೊದಲು ಗಮನಿಸಿ, "ಸಾರ್, ಹತ್ತಿರದ್ದು ಮಂಕಾಗಿದೆ, ದೂರದ್ದು ಹೊಳೀತಿದೆಯಲ್ಲ, ನಕ್ಷೆ ತಪ್ಪಾ?" ಎಂದು ಕೇಳಿಬಿಟ್ಟಳು. ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ.

ನಕ್ಷೆ ತಪ್ಪಲ್ಲವೆಂಬುದು ಆಮೇಲೆ ಓದಿದಾಗ ಖಚಿತವಾಯಿತು. ಆದರೆ ಓದುತ್ತ ಹೋದ ಹಾಗೆ ಇನ್ನೊಂದು ತೊಡಕು ಎದುರಾಯಿತು. ಈ ನಕ್ಷತ್ರದ ಪ್ರಕಾಶ ಸೂರ್ಯನದರಲ್ಲಿ ಹನ್ನೆರಡನೆಯ ಒಂದು ಪಾಲು ಎಂದು ಒಂದು ಕಡೆ ಇದ್ದರೆ, ಸುಮಾರು ಆರೂವರೆಯ ಒಂದು ಪಾಲು ಎಂದು ಇನ್ನೊಂದು ಕಡೆ ಇದೆ. ಎರಡರ ನಡುವೆ ಹತ್ತಿರ ಹತ್ತಿರ ಇಮ್ಮಡಿ ವ್ಯತ್ಯಾಸವಿದೆ. ಇವುಗಳಲ್ಲಿ ಯಾವುದನ್ನು ಮಕ್ಕಳಿಗೆ ಹೇಳಬೇಕು? ಜೊತೆಗೆ, ಕಣ್ಣಿಗೆ ಕಂಡೂ ಕಾಣದಂತಿರುವ ಇಂಥ ಚುಕ್ಕೆಯ ದೂರವನ್ನು ಸುಮಾರು 190 ವರ್ಷಗಳ ಹಿಂದೆಯೇ ಅಳೆದರು ಎನ್ನುತ್ತಾರೆ. ಹೊಳೆಯುವ ನಕ್ಷತ್ರಗಳನ್ನೆಲ್ಲ ಬಿಟ್ಟು ಇದನ್ನೇ ಆರಿಸಿಕೊಂಡದ್ದು ಏಕೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು

ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆ ನನ್ನ ಪಿಯುಸಿ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಹೊಳೆದಿರಲಿಲ್ಲ. ನೀವು ಜಾರಿಕೊಂಡದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೊದಲು ಪ್ರಕಾಶದ ವಿಷಯವನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ನೀವು ನೋಡಿದ ಎರಡು ಸಂಖ್ಯೆಗಳೂ ಸರಿಯಾಗಿಯೇ ಇವೆ.

ಕಬ್ಬು ಅರೆಯುವ ಕಾಲದಲ್ಲಿ ನಿಮ್ಮ ಊರಿನ ರಸ್ತೆಯಲ್ಲಿ ರಾತ್ರಿ ಹೊತ್ತು ನಿಂತರೆ, ನೂರು ಗಜ ದೂರದಲ್ಲಿ ಎತ್ತಿನಗಾಡಿಯ ಅಡಿಯಲ್ಲಿ ತೂಗುವ ಲಾಟೀನೂ, ಮೈಲಿಯಾಚೆ ತಿರುವಿನಲ್ಲಿ ಬರುವ ಲಾರಿಯ ದೀಪವೂ ಒಟ್ಟಿಗೆ ಕಾಣುತ್ತವೆ. ಲಾರಿಯ ದೀಪವೇ ಕಣ್ಣು ಕುಕ್ಕುತ್ತದೆ. ದೀಪದ ಸ್ವಂತ ಶಕ್ತಿ ಎಷ್ಟೆಂದು ತಿಳಿಯದೆ, ಕಂಡ ಬೆಳಕಿನಿಂದ ಮಾತ್ರ ದೂರವನ್ನು ಹೇಳಲು ಬರುವುದಿಲ್ಲ. ಡೆನೆಬ್ ಲಾರಿಯ ದೀಪದ ಜಾತಿಯದು. ಅದರ ಪ್ರಕಾಶ ಸೂರ್ಯನಿಗಿಂತ ಐವತ್ತು ಸಾವಿರ ಪಟ್ಟಿಗೂ ಮಿಕ್ಕಿದ್ದು. 61 ಸಿಗ್ನೈ ಲಾಟೀನು. ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾದರೆ ಪ್ರೊಸಿಯಾನ್ ನಕ್ಷತ್ರವಿದೆ. ಅದರ ದೂರ ಸುಮಾರು 11.5 ಜ್ಯೋತಿರ್ವರ್ಷ, ಅಂದರೆ 61 ಸಿಗ್ನೈ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ. ಆದರೂ ಪ್ರೊಸಿಯಾನ್‌ನ ಕಾಂತಿಮಾನ 0.3ರ ಆಸುಪಾಸು, ಇದರದು 5.2. ಕಾಂತಿಮಾನದ ಲೆಕ್ಕದಲ್ಲಿ ಅಂಕ ಹೆಚ್ಚಿದಷ್ಟೂ ನಕ್ಷತ್ರ ಮಂಕು, ಐದು ಅಂಕಗಳ ಅಂತರಕ್ಕೆ ನೂರು ಪಟ್ಟು ವ್ಯತ್ಯಾಸ. ಹಾಗಾಗಿ ಒಂದೇ ದೂರದಲ್ಲಿ ಇಟ್ಟ ಈ ಎರಡು ದೀಪಗಳಲ್ಲಿ ಒಂದು ಇನ್ನೊಂದಕ್ಕಿಂತ ಎಂಬತ್ತು ಪಟ್ಟಿಗೂ ಹೆಚ್ಚು ಹೊಳೆಯುತ್ತದೆ. ದೂರ ಇಲ್ಲಿ ಏನೂ ಮಾಡಿಲ್ಲ, ಎಲ್ಲವೂ ದೀಪದ ಗುಣವೇ.

ಇನ್ನು ಎರಡು ಸಂಖ್ಯೆಗಳ ಗೊಂದಲ. 61 ಸಿಗ್ನೈ ಒಂದು ನಕ್ಷತ್ರವಲ್ಲ, ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳ ಜೋಡಿ. ನೀವು ಓದಿದ್ದು ಅವುಗಳಲ್ಲಿ ದೊಡ್ಡದಾದ ಎ ನಕ್ಷತ್ರದ ವಿವರ. ಅದರ ವ್ಯಾಸ ಸೂರ್ಯನ ಮೂರನೆಯ ಎರಡು ಪಾಲಿನಷ್ಟು, ಮೇಲ್ಮೈ ಉಷ್ಣತೆ ಸುಮಾರು 4450 ಕೆಲ್ವಿನ್. ಸೂರ್ಯನ ಮೇಲ್ಮೈ ಉಷ್ಣತೆ 5772 ಕೆಲ್ವಿನ್. ಕಾದ ವಸ್ತುವಿನ ಮೇಲ್ಮೈಯ ಪ್ರತಿ ಚದರ ಮೀಟರು ಹೊರಸೂಸುವ ಶಕ್ತಿ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆಂಬ ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮವನ್ನು ಹಿಡಿದು ನೀವೇ ಗುಣಿಸಿ ನೋಡಿ. ಉಷ್ಣತೆಗಳ ಅನುಪಾತ 0.771, ಅದರ ನಾಲ್ಕನೆಯ ಘಾತ 0.353. ತ್ರಿಜ್ಯದ ಅನುಪಾತ 0.665, ಅದರ ವರ್ಗ 0.442. ಎರಡನ್ನೂ ಗುಣಿಸಿದರೆ 0.156, ಅಂದರೆ ಆರೂವರೆಯ ಒಂದು ಪಾಲಿನ ಹತ್ತಿರ. ಇದು ನಕ್ಷತ್ರ ಹೊರಚೆಲ್ಲುವ ಒಟ್ಟು ಶಕ್ತಿ.

ಆದರೆ ನಮ್ಮ ಕಣ್ಣು ಈ ಶಕ್ತಿಯನ್ನೆಲ್ಲ ಕಾಣುವುದಿಲ್ಲ. ಕುಲುಮೆಯ ಕಬ್ಬಿಣ ಬಿಳಿಕಾವಿನಿಂದ ಕೆಂಗಾವಿಗೆ ಇಳಿದ ಮೇಲೂ ಹತ್ತಿರ ಹೋದರೆ ಮುಖ ಸುಡುತ್ತದೆ, ಬೆಳಕು ಮಾತ್ರ ಆಗಲೇ ಕುಗ್ಗಿರುತ್ತದೆ. ಹಾಗೆಯೇ ತಂಪಾದ ನಕ್ಷತ್ರದ ಶಕ್ತಿಯಲ್ಲಿ ಹೆಚ್ಚಿನ ಭಾಗ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಹೋಗುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಅದು ಸೂರ್ಯನ ಬೆಳಕಿನ ಹನ್ನೆರಡನೆಯ ಒಂದು ಪಾಲಿಗೆ ಇಳಿಯುತ್ತದೆ. ತಾರಸಿಯ ಮೇಲೆ ನಿಂತು ನೋಡುವ ಮಕ್ಕಳಿಗೆ ಹನ್ನೆರಡನೆಯ ಒಂದು ಎನ್ನಿ. ಆ ನಕ್ಷತ್ರ ಎಷ್ಟು ಇಂಧನ ಸುಡುತ್ತದೆ ಎಂದು ಕೇಳಿದವರಿಗೆ ಆರೂವರೆಯ ಒಂದು ಎನ್ನಿ. ನಮ್ಮ ಸೂರ್ಯನನ್ನೇ ಎತ್ತಿ 11.4 ಜ್ಯೋತಿರ್ವರ್ಷ ದೂರದಲ್ಲಿಟ್ಟರೂ ಅದರ ಕಾಂತಿಮಾನ ಬರೀ 2.5, ಧ್ರುವನಕ್ಷತ್ರಕ್ಕಿಂತ ಸ್ವಲ್ಪ ಮಂಕು, ಎಂಬುದನ್ನೂ ಅವರಿಗೆ ಹೇಳಬಹುದು. ಸೂರ್ಯನ ಬಗ್ಗೆ ನಮಗಿರುವ ಭ್ರಮೆ ಆಗ ಸ್ವಲ್ಪ ಇಳಿಯುತ್ತದೆ.

ಉತ್ತರ 2: ತಾರಸಿಮನೆ, ಮಂಡ್ಯ

ದೂರವನ್ನು ಅಳೆದ ಕಥೆಯ ಬಗ್ಗೆ ನಾನು ಬರೆಯುತ್ತೇನೆ, ಉಪನ್ಯಾಸಕರು ಅನುಮತಿಸಬೇಕು.

ಇದನ್ನು ಆರಿಸಿಕೊಂಡದ್ದಕ್ಕೆ ಕಾರಣ ಅದರ ಹೊಳಪಲ್ಲ, ನಡಿಗೆ. ಪಲೆರ್ಮೊ ವೀಕ್ಷಣಾಲಯದ ಜುಸೆಪ್ಪೆ ಪಿಯಾಜ್ಜಿ 19ನೆಯ ಶತಮಾನದ ಆರಂಭದಲ್ಲಿಯೇ, ಈ ನಕ್ಷತ್ರ ಹಿನ್ನೆಲೆಯ ಚುಕ್ಕೆಗಳ ನಡುವೆ ಬಲು ವೇಗವಾಗಿ ಸರಿಯುತ್ತಿರುವುದನ್ನು ಕಂಡುಕೊಂಡಿದ್ದರು. ಅದಕ್ಕೆ ಹಾರುವ ನಕ್ಷತ್ರವೆಂಬ ಹೆಸರೇ ಬಿತ್ತು. ವರ್ಷಕ್ಕೆ ಸರಿಯುವುದು ಸುಮಾರು 5.2 ಆರ್ಕ್ ಸೆಕೆಂಡು. ಒಂದು ಡಿಗ್ರಿಯಲ್ಲಿ 3600 ಆರ್ಕ್ ಸೆಕೆಂಡುಗಳಿರುವುದರಿಂದ, ಹುಣ್ಣಿಮೆ ಚಂದ್ರನ ಅಗಲದಷ್ಟು ದಾರಿ ಸವೆಸಲು ಇದಕ್ಕೆ ಸುಮಾರು 350 ವರ್ಷ ಬೇಕು. ನಮಗೆ ಇದು ಆಮೆಯ ನಡಿಗೆ ಎನಿಸಬಹುದು, ನಕ್ಷತ್ರಗಳ ಲೋಕದಲ್ಲಿ ಓಟವೇ. ಬಸ್ಸಿನ ಕಿಟಕಿಯಿಂದ ನೋಡುವಾಗ ರಸ್ತೆ ಬದಿಯ ಮರ ಸರ್ರನೆ ಹಿಂದಕ್ಕೆ ಹೋಗುತ್ತದೆ, ಕುಂತಿಬೆಟ್ಟ ಕದಲುವುದೇ ಇಲ್ಲ. ಹಾಗಾಗಿ ಹೆಚ್ಚು ಸರಿಯುವ ನಕ್ಷತ್ರ ಹತ್ತಿರದ್ದಿರಬೇಕೆಂದು ಕೋನಿಗ್ಸ್‌ಬರ್ಗಿನ ಫ್ರೀಡ್ರಿಶ್ ಬೆಸೆಲ್ ಊಹಿಸಿ ಇದನ್ನು ಹಿಡಿದರು. ಹೊಳಪನ್ನು ನಂಬಿದ್ದರೆ ಅವರು ಡೆನೆಬ್ ಹಿಂದೆ ಬಿದ್ದು ಜೀವಮಾನ ಕಳೆಯಬೇಕಿತ್ತು.

ಅಳತೆಯ ಉಪಾಯ ಸರಳ. ನಿಮ್ಮ ನಾಲೆಯ ಏರಿಯ ಈ ತುದಿಯಲ್ಲಿ ನಿಂತು ಗದ್ದೆಯ ನಡುವಿನ ಒಂಟಿ ತೆಂಗಿನಮರವನ್ನು ನೋಡಿದರೆ ಅದು ಬೆಟ್ಟದ ಒಂದು ಬಂಡೆಯ ನೇರಕ್ಕೆ ಕಾಣುತ್ತದೆ, ಆ ತುದಿಗೆ ಹೋಗಿ ನೋಡಿದರೆ ಇನ್ನೊಂದು ಬಂಡೆಯ ನೇರಕ್ಕೆ. ಏರಿಯ ಉದ್ದ ಗೊತ್ತಿದ್ದರೆ ಮರದ ದೂರ ಲೆಕ್ಕಕ್ಕೆ ಸಿಕ್ಕಿತು. ಬೆಸೆಲ್ ಅವರ ಏರಿ ಎಂದರೆ ಭೂಮಿಯ ಕಕ್ಷೆ. ಆರು ತಿಂಗಳಿಗೊಮ್ಮೆ ನಾವೇ ಅದರ ಆ ತುದಿಯಿಂದ ಈ ತುದಿಗೆ ಬಂದಿರುತ್ತೇವೆ. ಈ ಪಲ್ಲಟಕ್ಕೆ ಪ್ಯಾರಲ್ಯಾಕ್ಸ್ ಎನ್ನುತ್ತಾರೆ, ಅದರ ಅಳತೆಯನ್ನು ಕಕ್ಷೆಯ ತ್ರಿಜ್ಯಕ್ಕೆ ಹೇಳುವುದು ವಾಡಿಕೆ. ಕಷ್ಟವಿರುವುದು ಅದರ ಸಣ್ಣತನದಲ್ಲಿ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವೊಂದನ್ನು ಚಾಮುಂಡಿ ಬೆಟ್ಟದ ಮೇಲಿಟ್ಟು, ಶ್ರೀರಂಗಪಟ್ಟಣವನ್ನೂ ದಾಟಿ 18 ಕಿಲೋಮೀಟರ್ ದೂರದಿಂದ ನೋಡಿದರೆ ಅದು ಎಷ್ಟು ಅಗಲ ಕಾಣಬೇಕೋ, ಅಷ್ಟು ಕೋನ ಇದು.

ಅದಕ್ಕೆ ಅವರು ಬಳಸಿದ ಉಪಕರಣ ಫ್ರೌನ್‌ಹೋಫರ್ ಕಾರ್ಯಾಗಾರದ ಹೀಲಿಯೋಮೀಟರ್. ಒಳ್ಳೆಯ ಮಸೂರವೊಂದನ್ನು ಹಣ್ಣು ಹೋಳು ಮಾಡಿದಂತೆ ನಡುವೆ ಸೀಳಿ, ಎರಡು ಹೋಳುಗಳೂ ಸೀಳಿದ ಅಂಚಿನ ಗುಂಟ ತಿರುಪಿನಿಂದ ಜಾರುವ ಹಾಗೆ ಕೂರಿಸಿರುತ್ತಾರೆ. ಪ್ರತಿ ಹೋಳೂ ತನ್ನದೇ ಬಿಂಬವನ್ನು ಕೊಡುವುದರಿಂದ, ಒಂದು ಹೋಳಿನ ನಕ್ಷತ್ರ ಇನ್ನೊಂದು ಹೋಳಿನ ಹಿನ್ನೆಲೆ ಚುಕ್ಕೆಯ ಜೊತೆ ಸೇರುವವರೆಗೆ ತಿರುಪನ್ನು ತಿರುಗಿಸಿ, ಎಷ್ಟು ಸುತ್ತು ಆಯಿತೆಂದು ಓದಿಕೊಂಡರೆ ಕೋನ ಸಿಗುತ್ತದೆ. 61 ಸಿಗ್ನೈ ಜೋಡಿಯಾಗಿದ್ದದ್ದು ಇಲ್ಲಿ ಅನುಕೂಲವೇ ಆಯಿತು: ಹೋಲಿಕೆಯ ಚುಕ್ಕೆಯನ್ನು ಎರಡರ ನಟ್ಟನಡುವೆ ತಂದು ನಿಲ್ಲಿಸುವುದು ಕಣ್ಣಿಗೆ ಸುಲಭ. 1838ರಲ್ಲಿ ಬೆಸೆಲ್ ಪ್ರಕಟಿಸಿದ ಬೆಲೆ 0.314 ಆರ್ಕ್ ಸೆಕೆಂಡು, ಈಗಿನದು 0.286. ಹತ್ತನೆಯ ಒಂದು ಪಾಲಿನ ವ್ಯತ್ಯಾಸ ಮಾತ್ರ. ಸೀಳಿದ ಮಸೂರ, ತಿರುಪು, ಚಳಿಯಲ್ಲಿ ಕೂತ ಮನುಷ್ಯ ಇಷ್ಟರಿಂದಲೇ ಆ ನಿಖರತೆ ಬಂದದ್ದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಮಂಕಾದ ಈ ನಕ್ಷತ್ರದ ದೂರ ಇಂದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಸೂಕ್ಷ್ಮವಾಗಿ ತಿಳಿದಿದೆ. ಅದರ ಪಕ್ಕದಲ್ಲೇ ಥಳಥಳಿಸುವ ಡೆನೆಬ್ ದೂರಕ್ಕೆ ಮಾತ್ರ 1400 ಜ್ಯೋತಿರ್ವರ್ಷದಿಂದ 2600ರವರೆಗೆ ಬೇರೆ ಬೇರೆ ಅಂದಾಜುಗಳಿವೆ.

ಉತ್ತರ 3: ಹಳೆಯ ಓದುಗ, ಶ್ರೀರಂಗಪಟ್ಟಣ

ಈ ನಕ್ಷತ್ರಕ್ಕೆ ಒಂದು ದೊಡ್ಡ ಗ್ರಹವಿದೆಯೆಂದು ನನ್ನ ಕಾಲೇಜು ದಿನಗಳ ಪುಸ್ತಕವೊಂದರಲ್ಲಿ ಓದಿದ ನೆನಪು ಗಟ್ಟಿಯಾಗಿದೆ. ಆ ಮಾತನ್ನು ಇಲ್ಲಿ ಯಾರೂ ಎತ್ತಿಲ್ಲವಲ್ಲ? ಮಕ್ಕಳಿಗೆ ಹೇಳಲು ಅದೇ ಹೆಚ್ಚು ರುಚಿಕರವಾದ ವಿಷಯ.

ಉತ್ತರ 4: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು

ರುಚಿಕರವೇನೋ ಹೌದು, ಆದರೆ ಅದು ನಿಲ್ಲಲಿಲ್ಲ. 1942ರಲ್ಲಿ ಕಾಯ್ ಸ್ಟ್ರಾಂಡ್ ಎಂಬ ಖಗೋಳಜ್ಞರು, ಈ ಜೋಡಿಯ ಚಲನೆಯಲ್ಲಿ ಕಂಡ ಸಣ್ಣ ತುಯ್ದಾಟಕ್ಕೆ ಗುರುಗ್ರಹದ ಸುಮಾರು 16 ಪಟ್ಟು ರಾಶಿಯುಳ್ಳ, ಕಣ್ಣಿಗೆ ಕಾಣದ ಒಂದು ಕಾಯವೇ ಕಾರಣವೆಂದು ಪ್ರಕಟಿಸಿದ್ದು ನಿಜ. ಆ ಕಾಲದ ಪುಸ್ತಕಗಳೆಲ್ಲ ಅದನ್ನು ಎತ್ತಿಕೊಂಡವು. ಮುಂದಿನ ನಿಖರ ಅಳತೆಗಳಲ್ಲಿ ಅಂಥ ಕಾಯ ಸಿಗಲಿಲ್ಲ. ಹಾಗಾಗಿ ತರಗತಿಯಲ್ಲಿ ಅದನ್ನು ಹೇಳುವುದಾದರೆ, ಹೀಗೊಂದು ಕಾಲದಲ್ಲಿ ನಂಬಿದ್ದರು ಎಂದೇ ಹೇಳಬೇಕು.

ಆದರೆ ಈ ಜೋಡಿಯ ಬಗ್ಗೆ ಗಟ್ಟಿಯಾಗಿ ತಿಳಿದ ಸಂಗತಿಗಳೇ ಸಾಕಷ್ಟಿವೆ. ಎರಡೂ ಕಿತ್ತಳೆ ಬಣ್ಣದ ಕುಬ್ಜ ನಕ್ಷತ್ರಗಳು, ರೋಹಿತದ ವರ್ಗೀಕರಣದಲ್ಲಿ ಕೆ ವರ್ಗದವು. ಬಿ ನಕ್ಷತ್ರ ಇನ್ನಷ್ಟು ತಂಪು, ಸುಮಾರು 4050 ಕೆಲ್ವಿನ್; ಅದರ ಒಟ್ಟು ಪ್ರಕಾಶ ಸೂರ್ಯನದರಲ್ಲಿ ಹನ್ನೆರಡನೆಯ ಒಂದು ಪಾಲು. ಎ ನಕ್ಷತ್ರದ ಕಣ್ಣಿಗೆ ಕಾಣುವ ಬೆಳಕಿಗೂ ಇದೇ ಅಂಕೆ ಬಂದದ್ದು ಕಾಕತಾಳೀಯ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಒಂದನ್ನೊಂದು ಸುತ್ತಲು ಸುಮಾರು 678 ವರ್ಷ ಹಿಡಿಯುತ್ತದೆ, ಅವುಗಳ ನಡುವಿನ ಸರಾಸರಿ ಅಂತರ ಭೂಮಿ-ಸೂರ್ಯರ ಅಂತರದ ಸುಮಾರು 85 ಪಟ್ಟು. ಇವೆರಡು ಸಂಖ್ಯೆಗಳಿದ್ದರೆ ನಕ್ಷತ್ರಗಳನ್ನು ತಕ್ಕಡಿಗೆ ಹಾಕಿದಂತೆಯೇ. ಕೆಪ್ಲರನ ಮೂರನೆಯ ನಿಯಮದ ಪ್ರಕಾರ 85ರ ಘನವನ್ನು 678ರ ವರ್ಗದಿಂದ ಭಾಗಿಸಿ: 6,14,125 ಭಾಗಿಸು 4,59,684, ಬರುವುದು 1.34. ಎರಡೂ ಸೇರಿ ಸೂರ್ಯನ 1.34 ಪಟ್ಟು ತೂಗುತ್ತವೆ ಎಂದರ್ಥ. ಬೇರೆ ಬೇರೆಯಾಗಿ ಅವುಗಳ ರಾಶಿ ಸೂರ್ಯನ ಸುಮಾರು 0.70 ಮತ್ತು 0.63 ಪಟ್ಟು ಎನ್ನುತ್ತಾರೆ, ಕೂಡಿಸಿ ನೋಡಿ. ಹತ್ತನೆಯ ತರಗತಿಯ ಗಣಿತದಲ್ಲಿ ನಕ್ಷತ್ರವನ್ನು ತೂಗಬಹುದೆಂದರೆ, ಗ್ರಹದ ಕಥೆಗಿಂತ ಇದೇನು ಕಡಿಮೆ ರುಚಿಯೇ?

ಸೂರ್ಯನಲ್ಲಿ ಹನ್ನೊಂದು ವರ್ಷಕ್ಕೊಮ್ಮೆ ಕಲೆಗಳು ಹೆಚ್ಚಿ ತಗ್ಗುವ ಹಾಗೆ, ಎ ನಕ್ಷತ್ರದಲ್ಲಿಯೂ ಸುಮಾರು ಏಳು ವರ್ಷದ ಚಕ್ರವಿದೆ. ಅದು ತನ್ನ ಸುತ್ತ ಒಮ್ಮೆ ತಿರುಗಲು ಸುಮಾರು 35 ದಿನ ತೆಗೆದುಕೊಳ್ಳುತ್ತದೆ. ರಾಶಿ ಕಡಿಮೆಯಿರುವುದರಿಂದ ಇಂಧನವನ್ನು ಜಿಪುಣನ ಹಾಗೆ ಖರ್ಚು ಮಾಡುವ ಈ ಎರಡೂ ನಕ್ಷತ್ರಗಳು, ಸೂರ್ಯ ಆರಿದ ಬಹುಕಾಲದ ನಂತರವೂ ಉರಿಯುತ್ತಿರುತ್ತವೆ.

ಮರುಪ್ರಶ್ನೆ: ಕುಂತಿಬೆಟ್ಟದ ಮೇಷ್ಟ್ರು, ಪಾಂಡವಪುರ

ಎಲ್ಲರಿಗೂ ವಂದನೆಗಳು. ಲಾಟೀನು ಮತ್ತು ಲಾರಿಯ ಹೋಲಿಕೆಯನ್ನು ಹೇಳಿದ ಕೂಡಲೇ ಆ ಹುಡುಗಿ, "ಹಾಗಾದ್ರೆ ಮಂಕಾಗಿರೋದೆಲ್ಲ ಹತ್ತಿರದ್ದಾ?" ಎಂದು ಮತ್ತೊಂದು ಬಾಣ ಬಿಟ್ಟಳು. ಅಲ್ಲ ಎಂದೆ; ಬಲವಾದ ಉದಾಹರಣೆಯೊಂದನ್ನು ಕೊಡಲು ಮಾತ್ರ ಆಗಲಿಲ್ಲ. ಇನ್ನೊಂದು ವಿಷಯ: ನಿನ್ನೆ ರಾತ್ರಿ ನನ್ನ 10×50 ಬೈನಾಕ್ಯುಲರಿನಲ್ಲಿ ನೋಡಿದೆ. ಕೈ ನಡುಗಿ ಒಂದೇ ಚುಕ್ಕೆ ಕಂಡಿತು, ಅದೂ 61 ಸಿಗ್ನೈ ಹೌದೋ ಅಲ್ಲವೋ ಎಂಬ ಅನುಮಾನ ಉಳಿದಿದೆ.

ಉತ್ತರ 5: ತಾರಸಿಮನೆ, ಮಂಡ್ಯ

ಉದಾಹರಣೆ ಮೊದಲು. ಸೂರ್ಯನಿಂದ 12 ಜ್ಯೋತಿರ್ವರ್ಷದೊಳಗೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳ ಮನೆಗಳು ಏಳೇ: ಆಲ್ಫಾ ಸೆಂಟಾರಿ, ಸಿರಿಯಸ್, ಎಪ್ಸಿಲಾನ್ ಎರಿಡಾನಿ, 61 ಸಿಗ್ನೈ, ಪ್ರೊಸಿಯಾನ್, ಎಪ್ಸಿಲಾನ್ ಇಂಡಿ ಮತ್ತು ಟೌ ಸೆಟಿ. ಇವುಗಳಲ್ಲಿ ಮೂರು ಥಳಥಳ ಹೊಳೆಯುತ್ತವೆ, ನಾಲ್ಕು ಮಂಕು. ಇದೇ ಅಂತರದೊಳಗೆ ಇರುವ ಉಳಿದ ನಕ್ಷತ್ರಗಳಲ್ಲಿ ಹೆಚ್ಚಿನವು ಕೆಂಪು ಕುಬ್ಜಗಳು. ಎಲ್ಲಕ್ಕಿಂತ ಹತ್ತಿರದ ಪ್ರಾಕ್ಸಿಮಾ ಕೂಡ ದೂರದರ್ಶಕವಿಲ್ಲದೆ ಕಾಣುವುದಿಲ್ಲ. ಹೊಳಪು ನೋಡಿ ದೂರ ಹೇಳುವ ಅಭ್ಯಾಸವನ್ನು ಎರಡೂ ದಿಕ್ಕಿನಲ್ಲಿ ಬಿಡಬೇಕೆಂದು ಆಕೆಗೆ ಹೇಳಿ.

ಹುಡುಕುವ ದಾರಿ ಹೀಗಿದೆ. ಅಕ್ಟೋಬರ್ ನಡುವೆ ರಾತ್ರಿ ಎಂಟರ ಹೊತ್ತಿಗೆ ನಮ್ಮ ಕಡೆ ಇದು ಉತ್ತರಕ್ಕೆ ಮುಖ ಮಾಡಿದಾಗ ಸುಮಾರು 64 ಡಿಗ್ರಿ ಎತ್ತರದಲ್ಲಿರುತ್ತದೆ. ಹಂಸದ ಬಾಲದಲ್ಲಿ ಡೆನೆಬ್, ಎದೆಯಲ್ಲಿ ಸದ್ರ್, ಪೂರ್ವದ ರೆಕ್ಕೆಯಲ್ಲಿ ಎಪ್ಸಿಲಾನ್. ಈ ಮೂರನ್ನು ಮೂರು ಮೂಲೆಗಳೆಂದು ಹಿಡಿದು ಸಮಾಂತರ ಚತುರ್ಭುಜವನ್ನು ಪೂರ್ತಿ ಮಾಡಿದರೆ, ಸದ್ರ್‌ಗೆ ಎದುರಿನ ನಾಲ್ಕನೆಯ ಮೂಲೆಯಲ್ಲಿ 61 ಸಿಗ್ನೈ ಕೂತಿದೆ. ಅದರ ಪಕ್ಕದಲ್ಲೇ, ಎರಡು ಡಿಗ್ರಿಗೂ ಕಡಿಮೆ ಅಂತರದಲ್ಲಿ, ಟೌ ಸಿಗ್ನೈ ಎಂಬ ಇನ್ನೂ ಪ್ರಕಾಶವಾದ ನಕ್ಷತ್ರವಿದೆ. ನೀವು ನೋಡಿದ್ದು ಬಹುಶಃ ಅದೇ. ನಾನೂ ಮೊದಲ ವರ್ಷ ಅದನ್ನೇ ನೋಡಿಕೊಂಡು ಹಿಗ್ಗಿದ್ದೆ. ಮೈಸೂರಿನ ದಸರಾ ದೀಪಾಲಂಕಾರದ ದಿನಗಳಲ್ಲಿ ಊರೊಳಗೆ ನಿಂತು ಇದನ್ನು ಹುಡುಕುವುದು ವ್ಯರ್ಥ. ನಿಮ್ಮ ಹಳ್ಳಿಯ ಕತ್ತಲೆ ಭಾಗ್ಯವೆಂದುಕೊಳ್ಳಿ.

ಬೈನಾಕ್ಯುಲರನ್ನು ಕೈಯಲ್ಲಿ ಹಿಡಿಯಬೇಡಿ. ನೀರಿನ ಟ್ಯಾಂಕಿನ ಮೇಲೆ ಮಡಿಸಿದ ಗೋಣಿಚೀಲವನ್ನಿಟ್ಟು, ಅದರ ಮೇಲೆ ಒತ್ತಿ ಹಿಡಿದು ನೋಡಿ. ಎರಡು ಕಿತ್ತಳೆ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡಂತೆ ಬೇರ್ಪಡುತ್ತವೆ. ನಡುವಿನ ಅಂತರ ಈಗ 31 ಆರ್ಕ್ ಸೆಕೆಂಡಿನ ಮೇಲೆ ಸ್ವಲ್ಪ. ಶಾಲೆಗೆ ಸಣ್ಣ ದೂರದರ್ಶಕ ಸಿಗುವಂತಿದ್ದರೆ ಇನ್ನೊಂದು ಕೆಲಸ ಮಾಡಿಸಿ. ಜೋಡಿಯನ್ನೂ ಅದರ ಸುತ್ತ ಕಾಣುವ ಮಂಕು ಚುಕ್ಕೆಗಳನ್ನೂ ಮಕ್ಕಳ ಕೈಯಲ್ಲಿ ಹಾಳೆಯ ಮೇಲೆ ಬರೆಸಿ, ಕೆಳಗೆ ತಾರೀಖು ಹಾಕಿಸಿ. ವರ್ಷಕ್ಕೆ 5.2ರ ಹಾಗೆ ಆರು ವರ್ಷಕ್ಕೆ 31 ಆರ್ಕ್ ಸೆಕೆಂಡು, ಅಂದರೆ ಎ ಮತ್ತು ಬಿ ನಡುವೆ ಈಗ ಎಷ್ಟು ಜಾಗವಿದೆಯೋ ಹೆಚ್ಚುಕಡಿಮೆ ಅಷ್ಟೇ, ಈ ಜೋಡಿ ಈಶಾನ್ಯದ ಕಡೆಗೆ ಸರಿದಿರುತ್ತದೆ. ಈಗ ಏಳನೆಯ ತರಗತಿಯಲ್ಲಿರುವ ಹುಡುಗಿ ಪಿಯುಸಿ ಮುಗಿಸಿದ ಮರುವರ್ಷ ಅದೇ ಹಾಳೆಯನ್ನು ಹಿಡಿದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕುಂತಿಬೆಟ್ಟದ ಮೇಷ್ಟ್ರು, ಪಾಂಡವಪುರ

ಗೋಣಿಚೀಲದ ಉಪಾಯ ಫಲಿಸಿತು. ಮೊದಲು ಟೌ, ಆಮೇಲೆ ಒಂದು ಗಳಿಗೆ ಹುಡುಕಿದ ಮೇಲೆ ಇದು; ಎರಡೂ ಚುಕ್ಕೆ ಸ್ಪಷ್ಟವಾಗಿ ಕಂಡವು. ಬಿ ಸ್ವಲ್ಪ ಹೆಚ್ಚು ಕೆಂಪು ಎಂದು ಮಕ್ಕಳು, ಇಲ್ಲ ಒಂದೇ ಬಣ್ಣ ಎಂದು ನಾನು. ಮೈಸೂರಿನಲ್ಲಿರುವ ಗೆಳೆಯರೊಬ್ಬರು ತಮ್ಮ ನಾಲ್ಕಿಂಚಿನ ದೂರದರ್ಶಕವನ್ನು ಮುಂದಿನ ಅಮಾವಾಸ್ಯೆಗೆ ತರಲು ಒಪ್ಪಿದ್ದಾರೆ. ಹಾಳೆಗೆ ಬಿಳಿಯ ಡ್ರಾಯಿಂಗ್ ಶೀಟು ಸಾಕೋ, ಗ್ರಾಫ್ ಶೀಟೇ ಬೇಕೋ ತಿಳಿಸಿ.

ತಾರಸಿಮನೆ, ಮಂಡ್ಯ

ಬಿಳಿಯದೇ ಸಾಕು. ಪೆನ್ಸಿಲಿನಲ್ಲಿ ಬರೆಸಿ, ಉತ್ತರ ದಿಕ್ಕಿನ ಗುರುತು ಹಾಕುವುದನ್ನು ಮರೆಯಬೇಡಿ. ಬಣ್ಣದ ವಿಷಯದಲ್ಲಿ ಮಕ್ಕಳೇ ಸರಿ. ಬಿ ನಾಲ್ಕುನೂರು ಕೆಲ್ವಿನ್ ತಂಪು.